ಹಾರ್ಪ್ ಕಲಿತರೆ ಹೊಟ್ಟೆ ತುಂಬುತ್ತದೆಯೇ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಮಗಳು ಪಿಯುಸಿ ಎರಡನೇ ವರ್ಷದಾಗ ಅದಾಳ್ರಿ. ಸಣ್ಣಾಕಿ ಇದ್ದಾಗಿಂದ ಪಿಯಾನೊ ಕಲ್ತಾಳ, ಗ್ರೇಡ್ 5 ಮುಗಿದದ. ಈಗ ಹಾರ್ಪ್ ಅಂತ ಬೆರಳಿನಿಂದ ತಂತಿ ಮೀಟೋ ದೊಡ್ಡ ಪಾಶ್ಚಾತ್ಯ ವಾದ್ಯ ಕಲ್ತು ಅದನ್ನ ವೃತ್ತಿ ಮಾಡ್ಕೋತೀನಿ ಅಂತ ಹಟ ಹಿಡಿದಾಳ. ಇದರಾಗ ಜೀವನಾ ನಡೀತದೇನ್ರಿ?
— ಟಿಳಕವಾಡಿ, ಬೆಳಗಾವಿ

ಉತ್ತರ: ನಡೆಯುತ್ತದೆ, ಆದರೆ ತಿಂಗಳ ಒಂದನೇ ತಾರೀಖಿಗೆ ಒಂದೇ ಕಡೆಯಿಂದ ಸಂಬಳ ಬರುತ್ತದೆ ಎಂದುಕೊಂಡರೆ ನಡೆಯುವುದಿಲ್ಲ. ದೊಡ್ಡ ಆರ್ಕೆಸ್ಟ್ರಾದಲ್ಲಿ ವಯೊಲಿನ್ ನುಡಿಸುವವರು ಮೂವತ್ತರ ಆಸುಪಾಸು ಇರುತ್ತಾರೆ, ಹಾರ್ಪ್ ನುಡಿಸುವವರು ಒಬ್ಬರು ಅಥವಾ ಇಬ್ಬರು. ಅದೂ ಎಲ್ಲ ಕಾರ್ಯಕ್ರಮಕ್ಕೆ ಅಲ್ಲ. ಬೀಥೋವನ್‌ನ ಒಂಬತ್ತು ಸಿಂಫನಿಗಳಲ್ಲಿ, ಬ್ರಾಮ್ಸ್‌ನ ನಾಲ್ಕರಲ್ಲಿ ಹಾರ್ಪಿಗೆ ಒಂದು ಸ್ವರವೂ ಇಲ್ಲ. ಚೈಕಾವ್‌ಸ್ಕಿಯ ಬ್ಯಾಲೆಗಳಲ್ಲಿ ಮಾತ್ರ ಅದಿಲ್ಲದೆ ಆಗುವುದೇ ಇಲ್ಲ. ಹಾಗಾಗಿ ಬಹಳಷ್ಟು ಆರ್ಕೆಸ್ಟ್ರಾಗಳು ಹಾರ್ಪ್ ನುಡಿಸುವವರನ್ನು ಬೇಕಾದಾಗ ಕರೆಸಿ, ಕಾರ್ಯಕ್ರಮಕ್ಕೆ ಇಷ್ಟು ಎಂದು ಕೊಡುತ್ತವೆ. ನಮ್ಮ ದೇಶದಲ್ಲಿ ಈ ದರ್ಜೆಯ ಹೆಸರಾಂತ ತಂಡ ಎಂದರೆ 2006ರಲ್ಲಿ ಮುಂಬೈನ ಕಲಾ ಕೇಂದ್ರ ಎನ್‌ಸಿಪಿಎಯಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ.

ಉಳಿದ ದುಡಿಮೆ ಬರುವುದು ಪಾಠ, ಮದುವೆ, ಹೋಟೆಲ್, ರೆಕಾರ್ಡಿಂಗ್ ಮತ್ತು ಕ್ರಿಸ್ಮಸ್ ಹೊತ್ತಿನ ಚರ್ಚ್ ಗಾಯನದಿಂದ. ಬೆಳಗಾವಿಯವರಿಗೆ ಒಂದು ಅನುಕೂಲ ಇದೆ: ಗೋವಾ ಪಕ್ಕದಲ್ಲೇ ಇದೆ, ಅಲ್ಲಿನ ಸಮುದ್ರದಂಡೆಯ ಮದುವೆಗಳಿಗೆ ಇಂಥ ವಾದ್ಯ ಬೇಕು. ಆದರೆ ಈ ಕೆಲಸಕ್ಕೆ ಕೈಚಳಕದಷ್ಟೇ ಕಾಗದಪತ್ರವೂ ಮುಖ್ಯ. ಮುಂಗಡ ಎಷ್ಟು, ಮಳೆ ಬಂದು ರದ್ದಾದರೆ ಎಷ್ಟು ವಾಪಸ್, ಎಷ್ಟು ಹೊತ್ತು ನುಡಿಸಬೇಕು, ಇವನ್ನೆಲ್ಲ ಮೊದಲೇ ಬರೆಸಿಕೊಳ್ಳಬೇಕು. ಐದಡಿಗೆ ಐದಡಿ ಸಮತಟ್ಟಾದ ನೆಲ, ನೆರಳು ಮತ್ತು ಒಂದು ಪ್ಲಗ್ ಪಾಯಿಂಟ್ ಬೇಕೆಂದೂ ಅದರಲ್ಲಿರಲಿ. ಎಸಿ ಕೋಣೆಯಿಂದ ಹೊರಗೆ ತಂದ ಹಾರ್ಪ್ ಅರ್ಧ ಗಂಟೆಯಲ್ಲಿ ಶ್ರುತಿ ಬಿಡುತ್ತದೆ. ಆದ್ದರಿಂದ ಒಂದೂವರೆ ಗಂಟೆ ಮುಂಚೆ ತಲುಪಿ, ನುಡಿಸುವ ಜಾಗದಲ್ಲೇ ಇಟ್ಟು, ಕೊನೆಯ ಇಪ್ಪತ್ತು ನಿಮಿಷದಲ್ಲಿ ಶ್ರುತಿ ಮಾಡಬೇಕು. ಡಿಜೆ ಹಚ್ಚಿದ ಕಲ್ಯಾಣ ಮಂಟಪದಲ್ಲಿ ಹಾರ್ಪಿನ ದನಿ ಯಾರಿಗೂ ಕೇಳಿಸದು. ಸೌಂಡ್‌ಬೋರ್ಡಿಗೆ, ಅಂದರೆ ತಂತಿಗಳ ಬುಡ ಇರುವ ಮರದ ಹಲಗೆಗೆ, ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಮತ್ತು ಸ್ವಂತದ್ದೊಂದು ಸಣ್ಣ ಆಂಪ್ಲಿಫೈಯರ್ ಇರಲೇಬೇಕು.

ಕಲಿಕೆಯ ಮಾತಿಗೆ ಬಂದರೆ, ಪಿಯಾನೊ ಅರ್ಧ ದಾರಿ ಸಾಗಿಸಿದೆ. ಎರಡು ಸಾಲಿನ ಸ್ವರಲಿಪಿ ಎರಡೂ ವಾದ್ಯಕ್ಕೆ ಒಂದೇ. ಕೈ ಮಾತ್ರ ಹೊಸದಾಗಿ ಕಲಿಯಬೇಕು. ಹಾರ್ಪಿನಲ್ಲಿ ಕಿರುಬೆರಳಿಗೆ ಕೆಲಸವಿಲ್ಲ. ಹೆಬ್ಬೆರಳು ಮೇಲ್ಮುಖವಾಗಿ, ಉಳಿದ ಮೂರು ಬೆರಳು ಕೆಳಮುಖವಾಗಿ ಇರಬೇಕು. ತಂತಿ ಮೀಟಿದ ಬೆರಳು ಅಂಗೈಯೊಳಗೆ ಮಡಚಿಕೊಳ್ಳಬೇಕು. ಪಿಯಾನೊದವರು ಮೀಟಿ ಬೆರಳನ್ನು ಗಾಳಿಯಲ್ಲೇ ಬಿಟ್ಟುಬಿಡುತ್ತಾರೆ, ಅದಕ್ಕೇ ದನಿ ತೆಳ್ಳಗೆ ಬರುತ್ತದೆ. ಮೊದಲ ತಿಂಗಳು ದಿನಕ್ಕೆ ಎರಡು ಸಲ, ಹದಿನೈದು ನಿಮಿಷದಂತೆ ಸಾಕು. ಜಾಸ್ತಿ ಮಾಡಿದರೆ ಬೆರಳಿಗೆ ಗುಳ್ಳೆ ಏಳುತ್ತದೆ.

ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿಗಳಾದ ಎಬಿಆರ್‌ಎಸ್‌ಎಂ ಮತ್ತು ಟ್ರಿನಿಟಿ ಎರಡರಲ್ಲೂ ಹಾರ್ಪ್ ಪರೀಕ್ಷೆ ಇದೆ, ಕಾಲಿನಿಂದ ಒತ್ತಿ ಸ್ವರ ಬದಲಿಸುವ ಪೆಡಲ್ ಇದ್ದದ್ದಕ್ಕೆ ಬೇರೆ, ಇಲ್ಲದ್ದಕ್ಕೆ ಬೇರೆ ಪಠ್ಯ. ಎಬಿಆರ್‌ಎಸ್‌ಎಂನಲ್ಲಿ 6ನೇ ಗ್ರೇಡಿಗೆ ಕೂರಬೇಕಾದರೆ 5ನೇ ಗ್ರೇಡಿನ ಥಿಯರಿ ಅಥವಾ ಅದಕ್ಕೆ ಬದಲಾಗಿ ಒಪ್ಪುವ ಪರೀಕ್ಷೆ ಪಾಸಾಗಿರಬೇಕು. ನೀವು ಹೇಳಿದ ಗ್ರೇಡ್ 5 ಬರೀ ಪ್ರಾಕ್ಟಿಕಲ್ ಆಗಿದ್ದರೆ, ವಾದ್ಯ ಮನೆಗೆ ಬರುವ ಮುಂಚೆಯೇ ಥಿಯರಿ ಮುಗಿಸಿಬಿಡಲಿ. ಮೊದಲು 34 ತಂತಿಯ ಲಿವರ್ ಹಾರ್ಪ್ (ಪೆಡಲ್ ಇಲ್ಲದ, ಪ್ರತಿ ತಂತಿಯ ಲಿವರನ್ನು ಕೈಯಿಂದ ಎತ್ತಿ ಸ್ವರ ಬದಲಿಸುವ ಸಣ್ಣ ಹಾರ್ಪ್) ತೆಗೆದುಕೊಳ್ಳಿ. ಕಛೇರಿಯಲ್ಲಿ ನುಡಿಸುವ 47 ತಂತಿಯ ಪೆಡಲ್ ಹಾರ್ಪ್ ಆರಡಿ ಎತ್ತರ, ನಲವತ್ತು ಕಿಲೋ ಹತ್ತಿರ ತೂಕ. ಹೊಸದಾದರೆ ಹತ್ತು ಲಕ್ಷ ದಾಟುತ್ತದೆ, ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಬೇರೆ. ವಿದೇಶದ ಸಂಗೀತ ಕಾಲೇಜಿನ ಆಡಿಷನ್ ಗಟ್ಟಿಯಾದ ಮೇಲೆ ಅದರ ವಿಚಾರ ಮಾಡಿ. ಪಿಯಾನೊ ಮಾತ್ರ ಬಿಡಬೇಡಿ. ಬೆಳಗಾವಿಯಂಥ ಊರಲ್ಲಿ ಹಾರ್ಪ್ ಕಲಿಯಲು ಬರುವ ಮಕ್ಕಳು ಬೆರಳೆಣಿಕೆಯಷ್ಟು, ಪಿಯಾನೊ ಮತ್ತು ಥಿಯರಿಗೆ ಬರುವವರು ಅದಕ್ಕಿಂತ ಎಷ್ಟೋ ಹೆಚ್ಚು. ತಿಂಗಳ ಖರ್ಚು ಅಲ್ಲಿಂದ ಹೊರಡಲಿ.

ಪ್ರಶ್ನೆ: 34 ತಂತಿಯ ಲಿವರ್ ಹಾರ್ಪ್ ತರಿಸಿದ್ದೇನೆ. ಮಾರ್ಚ್ ಬಂದಾಗಿನಿಂದ ತಂತಿ ಒಂದರ ಮೇಲೊಂದು ಹರಿಯುತ್ತಿವೆ. ಹೊಸದು ಕಟ್ಟಿದರೆ ಗಂಟೇ ಜಾರುತ್ತದೆ. ಮೀರಜದಿಂದ ಸಿತಾರಿನ ತಂತಿ ತಂದು ಹಾಕಬಹುದೇ?
— ವಿಜಯಪುರ

ಉತ್ತರ: ಸಿತಾರಿನ ತಂತಿ ಬೇಡವೇ ಬೇಡ. ಮೀರಜದ ಕುಶಲಕರ್ಮಿಗಳ ಕೈಗುಣ ದೊಡ್ಡದು, ಆದರೆ ಕರುಳಿನ ತಂತಿ ಇರಬೇಕಾದ ಜಾಗದಲ್ಲಿ ಉಕ್ಕಿನ ತಂತಿ ಎಳೆದರೆ ಸೌಂಡ್‌ಬೋರ್ಡಿನ ಮೇಲಿನ ಎಳೆತದ ಲೆಕ್ಕವೇ ತಪ್ಪುತ್ತದೆ. ಮೇಲಿನ ಅಷ್ಟಕದ ನೈಲಾನ್ ತಂತಿಗೆ ಮಾತ್ರ, ಅಷ್ಟೇ ದಪ್ಪದ ಮೀನು ಹಿಡಿಯುವ ಗಾಳದ ನೈಲಾನ್ ಎಳೆಯನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ತಾತ್ಕಾಲಿಕವಾಗಿ ಕಟ್ಟಬಹುದು.

ಎಲ್ಲಿ ಹರಿಯಿತು ಎಂಬುದನ್ನು ನೋಡಿದರೆ ಕಾರಣ ಸಿಗುತ್ತದೆ. ಗಂಟಿನ ಹತ್ತಿರ ಹರಿದಿದ್ದರೆ ಸೌಂಡ್‌ಬೋರ್ಡಿನ ತೂತಿನ ಅಂಚು ಚೂಪಾಗಿದೆ. ಮೇಲೆ, ತಂತಿ ಸುತ್ತುವ ಖುಂಟಿಯ ಬಳಿ ಹರಿದಿದ್ದರೆ ಲೋಹದ ಮೇಲೆ ಗೀರು ಎದ್ದಿದೆ, ನಯವಾದ ಎಮರಿ ಕಾಗದದಿಂದ ಉಜ್ಜಿ. ಲಿವರ್ ತಾಗುವಲ್ಲೇ ಪದೇಪದೇ ಹೋಗುತ್ತಿದ್ದರೆ ಲಿವರ್ ಅತಿ ಬಿಗಿಯಾಗಿ ಕಚ್ಚುತ್ತಿದೆ. ನಡುಮಧ್ಯದಲ್ಲಿ ಎಳೆ ಎದ್ದು ಹರಿದಿದ್ದರೆ ತಂತಿಗೆ ವಯಸ್ಸಾಗಿದೆ, ಅಷ್ಟೇ.

ಎಲ್ಲಿ ಬೇಕಾದರಲ್ಲಿ ಹರಿಯುತ್ತಿದ್ದರೆ ನಮ್ಮ ಅನುಮಾನ ನಿಮ್ಮ ಏರ್ ಕೂಲರ್ ಮೇಲೆ. ಕರುಳಿನ ತಂತಿ ತೇವ ಹೀರಿ ಉಬ್ಬುತ್ತದೆ, ಒಣಗಿದಾಗ ಸೆಟೆಯುತ್ತದೆ. ವಿಜಯಪುರದ ಒಣ ಬಿಸಿಲಿನಲ್ಲಿ ಹಗಲು ಕೂಲರ್ ಹಚ್ಚಿ ರಾತ್ರಿ ಆರಿಸಿದರೆ ದಿನಕ್ಕೆರಡು ಸಲ ಈ ಎಳೆದಾಟ ನಡೆಯುತ್ತದೆ. ಬರೀ ಒಣ ಹವೆಗಿಂತ ಇದು ಕೆಟ್ಟದ್ದು. ಕೂಲರ್ ಇಲ್ಲದ ಒಳಕೋಣೆಯಲ್ಲಿ, ಗೋಡೆಯಿಂದ ಒಂದಡಿ ದೂರ ಇಡಿ. ಪಕ್ಕದಲ್ಲೊಂದು ಹೈಗ್ರೋಮೀಟರ್ ಇರಲಿ, ತೇವಾಂಶ 40ರಿಂದ 60 ಪ್ರತಿಶತದ ನಡುವೆ ನಿಂತರೆ ಸಾಕು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ, ಅಂಟು ಬಿಡುತ್ತದೆ.

ಗಂಟು ಹೀಗೆ: ತಂತಿಯ ತುದಿಯಲ್ಲಿ ಜಾರುಗಂಟಿನ ಕುಣಿಕೆ ಮಾಡಿ. ದಪ್ಪ ತಂತಿಯ ಒಂದೂವರೆ ಸೆಂಟಿಮೀಟರ್ ತುಂಡನ್ನು ಕುಣಿಕೆಯಲ್ಲಿ ಸಿಕ್ಕಿಸಿ ಬಿಗಿಯಿರಿ. ತೆಳು ತಂತಿಗೆ ಈ ತುಂಡು ಇಲ್ಲದಿದ್ದರೆ ಗಂಟು ತೂತಿನಿಂದಲೇ ಹೊರಬರುತ್ತದೆ, ನಿಮಗೆ ಆಗುತ್ತಿರುವುದು ಬಹುಶಃ ಇದೇ. ಪೆಟ್ಟಿಗೆಯ ಹಿಂದಿನಿಂದ ತೂರಿಸಿ ಮೇಲಕ್ಕೆಳೆದು, ಲಿವರಿನ ಮತ್ತು ತಂತಿ ಒರಗುವ ಸಣ್ಣ ಮೊಳೆಯ ಸರಿಯಾದ ಬದಿಯಲ್ಲಿ ಹಾಯಿಸಿ, ಖುಂಟಿಗೆ ಎರಡು ಮೂರು ಸುತ್ತು ಬರುವಷ್ಟು ಸಡಿಲ ಬಿಡಿ. ಶ್ರುತಿಗೆ ಬಂದು ನಿಂತ ಮೇಲೆಯೇ ಬಾಲ ಕತ್ತರಿಸಿ. ಒಳಗೆ ಉಳಿದ ತುದಿ ಮರಕ್ಕೆ ತಾಗಿದರೆ ಝೇಂಕರಿಸುತ್ತದೆ. ಮೊದಲ ವಾರ ದಿನಕ್ಕೆ ಮೂರ್ನಾಲ್ಕು ಸಲ ಶ್ರುತಿ ಇಳಿಯುವುದು ಸಹಜ. ಶ್ರುತಿ ಮಾಡುವ ಕೀಲಿ ತಿರುಗಿಸುವ ಮುಂಚೆ ಯಾವ ಖುಂಟಿಯ ಮೇಲಿದೆ ಎಂದು ಒಮ್ಮೆ ನೋಡಿ. ಪಕ್ಕದ ತಂತಿ ಮೀಟುತ್ತ ಈ ಖುಂಟಿ ತಿರುಗಿಸಿ ಹರಿದುಕೊಂಡವರೇ ಹೆಚ್ಚು.

ಪ್ರಶ್ನೆ: ನಾನು ಹಿಂದುಸ್ತಾನಿ ಗಾಯನ ಕಲಿಸುತ್ತೇನೆ. ಹಾರ್ಪಿನಲ್ಲಿ ರಾಗ ನುಡಿಸಲು ಬರುತ್ತದೆಯೇ, ಇಲ್ಲ ಸ್ವರಮಂಡಲದಂತೆ ಬರೀ ಹಿನ್ನೆಲೆಗೇ?
— ಜಮಖಂಡಿ

ಉತ್ತರ: ಕೆಲವು ರಾಗ ಚೆನ್ನಾಗಿ ಬರುತ್ತವೆ. ಅಷ್ಟಕಕ್ಕೆ ಏಳೇ ತಂತಿ, ಪ್ರತಿ ಸ್ವರಕ್ಕೆ ಒಂದು. ಲಿವರ್ ಎತ್ತಿದರೆ ಅರ್ಧ ಸ್ವರ ಏರುತ್ತದೆ. ಲಿವರ್ ಹಾರ್ಪನ್ನು ಸಾಮಾನ್ಯವಾಗಿ ಇ ಫ್ಲ್ಯಾಟ್ ಮೇಜರ್‌ಗೆ ಶ್ರುತಿ ಮಾಡಿರುತ್ತಾರೆ, ಅಂದರೆ ಲಿವರ್ ಇಳಿದಿದ್ದಾಗ ಇ, ಎ, ಬಿ ತಂತಿಗಳು ಫ್ಲ್ಯಾಟ್ (ಅರ್ಧ ಸ್ವರ ಕೆಳಗೆ). ಬಿಳಿ ಒಂದನ್ನು (ಹಾರ್ಮೋನಿಯಂನ ಸಿ) ಷಡ್ಜ ಮಾಡಿ ಇ, ಎಫ್, ಎ, ಬಿ ಲಿವರ್ ಎತ್ತಿದರೆ ಯಮನ್ ಸಿದ್ಧ. ಭೈರವ ಇದೇ ಷಡ್ಜದಲ್ಲಿ ಆಗದು, ಕೋಮಲ ರಿಷಭಕ್ಕೆ ಬೇಕಾದ ಡಿ ಫ್ಲ್ಯಾಟ್ ಅಲ್ಲಿಲ್ಲ. ಷಡ್ಜವನ್ನು ಬಿಳಿ ಐದಕ್ಕೆ (ಜಿ) ಒಯ್ದು, ಬಿ ಮತ್ತು ಎಫ್ ಲಿವರ್ ಮಾತ್ರ ಎತ್ತಿ: ಎ ಫ್ಲ್ಯಾಟ್ ಕೋಮಲ ರಿಷಭ, ಇ ಫ್ಲ್ಯಾಟ್ ಕೋಮಲ ಧೈವತ ಆಗುತ್ತವೆ. ಖುಂಟಿ ಮುಟ್ಟುವ ಪ್ರಸಂಗವೇ ಇಲ್ಲ.

ಎರಡೂ ನಿಷಾದದ ಬೃಂದಾವನಿ ಸಾರಂಗಕ್ಕೆ ಪೆಡಲ್ ಹಾರ್ಪ್ ಬೇಕು. ಅದರ ಏಳು ಪೆಡಲಿಗೂ ಮೂರು ಮೂರು ನೆಲೆ: ಫ್ಲ್ಯಾಟ್, ನ್ಯಾಚುರಲ್ (ಮೂಲ ಸ್ವರ), ಶಾರ್ಪ್ (ಅರ್ಧ ಸ್ವರ ಮೇಲೆ). ಬಿಳಿ ಒಂದು ಷಡ್ಜವಾದರೆ ಇ ಮತ್ತು ಎ ಪೆಡಲನ್ನು ಶಾರ್ಪಿಗೆ ಒತ್ತಿ, ಉಳಿದವು ನ್ಯಾಚುರಲ್. ವರ್ಜ್ಯವಾದ ಗಾಂಧಾರದ ತಂತಿ ಮಧ್ಯಮವಾಗುತ್ತದೆ, ಧೈವತದ ತಂತಿ ಕೋಮಲ ನಿಷಾದವಾಗುತ್ತದೆ. ಆಮೇಲೆ ಕೈ ಪೂರ್ತಿ ಎಳೆದರೂ ರಾಗದ ಹೊರಗಿನ ಸ್ವರ ಬರುವುದಿಲ್ಲ. 1810ರಲ್ಲಿ ಪ್ಯಾರಿಸಿನ ವಾದ್ಯ ತಯಾರಕ ಎರಾರ್ ಈ ಮೂರು ನೆಲೆಯ ಪೆಡಲಿಗೆ ಪೇಟೆಂಟ್ ಪಡೆದಾಗ ಸಾರಂಗದ ಯೋಚನೆ ಅವನಿಗೆ ಖಂಡಿತ ಇರಲಿಲ್ಲ!

ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದನ್ನು ಮಾತ್ರ ಬೇಡಬೇಡಿ. ಮೀಟಿ ಲಿವರ್ ಸರಿಸಿದರೆ ಅರ್ಧ ಸ್ವರದ ಜಾರು ಸಿಗುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ದರಬಾರಿಯ ಆಂದೋಲಿತ ಗಾಂಧಾರ ಇದರಿಂದ ಆಗುವ ಕೆಲಸವಲ್ಲ. ಇನ್ನೊಂದು, ತಂತಿ ತಾನಾಗಿ ನಿಲ್ಲುವುದಿಲ್ಲ. ಭೈರವದಲ್ಲಿ ರಿಷಭದ ನಾದ ಷಡ್ಜದ ಮೇಲೆ ಉಳಿದರೆ ಕಿವಿಗೆ ಚುಚ್ಚುತ್ತದೆ, ಅಂಗೈಯಿಂದ ಅದುಮಿ ನಿಲ್ಲಿಸುವುದನ್ನು ಮೊದಲ ದಿನದಿಂದಲೇ ಕಲಿಸಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ 22 ತಂತಿಯ ಶೀಶಂ ಕಟ್ಟಿಗೆಯ ಹಾರ್ಪ್ ಅಗ್ಗಕ್ಕೆ ಸಿಗುತ್ತಿದೆ. ನಮ್ಮ ಶಾಲೆಗೆ ಕೊಳ್ಳಬಹುದೇ?
— ಸಂಗೀತ ಶಿಕ್ಷಕರು, ಮುಧೋಳ

ಉತ್ತರ: ಸ್ವರ ಗುರುತಿಸುವ ಆಟಕ್ಕೆ ಸಾಕು. ಸಿ ತಂತಿ ಕೆಂಪು, ಎಫ್ ತಂತಿ ಕಪ್ಪು ಅಥವಾ ನೀಲಿ ಇರುವುದರಿಂದ ಸಣ್ಣ ಮಕ್ಕಳಿಗೂ ಬೇಗ ತಿಳಿಯುತ್ತದೆ. ಪರೀಕ್ಷೆಗೆ ತಯಾರು ಮಾಡುವುದಾದರೆ ಮೂರೇ ಅಷ್ಟಕ ಸಾಲದು, ಎಡಗೈಗೆ ಮಂದ್ರದ ತಂತಿಯೇ ಸಿಗುವುದಿಲ್ಲ. ಈ ಅಗ್ಗದ ವಾದ್ಯಗಳಲ್ಲಿ ಕೈಕೊಡುವುದು ಲಿವರ್. ದುಡ್ಡು ಕಳಿಸುವ ಮುಂಚೆ ಮಾರುವವರಿಂದ ವಿಡಿಯೊ ಕೇಳಿ: ಪ್ರತಿ ತಂತಿಯನ್ನು ಟ್ಯೂನರ್ ಎದುರು ಮೀಟಿ, ಲಿವರ್ ಎತ್ತಿ ಮತ್ತೆ ಮೀಟಬೇಕು. ಮುಳ್ಳು ಸರಿಯಾಗಿ ಅರ್ಧ ಸ್ವರ ಮೇಲೆ ನಿಲ್ಲದೆ ಆಚೀಚೆ ಹತ್ತು ಸೆಂಟ್‌ಗಿಂತ (ಅರ್ಧ ಸ್ವರಕ್ಕೆ ನೂರು ಸೆಂಟ್) ಹೆಚ್ಚು ಸರಿಯುವ ತಂತಿ ಎರಡು ಮೂರು ಕಂಡರೆ ಆ ವ್ಯವಹಾರ ಬಿಟ್ಟುಬಿಡಿ.