ಚಿಂಬೊರಾಸೊ ಪ್ರಾಂತ್ಯದ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ಎಕ್ವಡಾರ್ ದೇಶದ ಚಿಂಬೊರಾಸೊ ಪ್ರಾಂತ್ಯದ ಭೂಗೋಳ ಮತ್ತು ಆಡಳಿತವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಮೊದಲರ್ಧದಲ್ಲಿ ಪರ್ವತ, ನದಿಗಳನ್ನೂ ಉಳಿದರ್ಧದಲ್ಲಿ ಕಚೇರಿ, ಹುದ್ದೆಗಳನ್ನೂ ಪಟ್ಟಿ ಮಾಡಿರುವುದರಿಂದ, ಆ ನೆಲಕ್ಕೂ ಅದನ್ನು ಆಳುವ ವ್ಯವಸ್ಥೆಗೂ ಇರುವ ಸಂಬಂಧ ಕೊನೆಯವರೆಗೂ ಓದುಗರಿಗೆ ಕಾಣುವುದಿಲ್ಲ.

ಆ ಸಂಬಂಧ ನೀರಿನಲ್ಲಿದೆ. ಪಾರಮೊ ಎಂದು ಕರೆಯುವ ಎತ್ತರದ ಹುಲ್ಲುಗಾವಲಿನ ಮಣ್ಣು ಮಳೆ ಮಂಜುಗಳ ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಕೆಳಗೆ ಬಿಡುತ್ತದೆ. ಚಾಂಬೊ ನದಿ ಸೇರಿದ ನೀರು ಪಾಸ್ತಾಸಾ ನದಿಯ ಮೂಲಕ ಅಮೆಜಾನ್ ಕಡೆಗೆ ಸಾಗಿದರೆ, ಚಾಂಚಾನ್ ನದಿಯ ನೀರು ಪಶ್ಚಿಮಕ್ಕೆ ಇಳಿದು ಪೆಸಿಫಿಕ್ ಸೇರುತ್ತದೆ. ಇದೇ ನೀರು ಹೊಲದ ಕಾಲುವೆಗೆ ಹರಿದಾಗ ಪ್ರಾಂತೀಯ ಸರ್ಕಾರದ ಹೊಣೆಯಾಗುತ್ತದೆ; ಮನೆಯ ನಲ್ಲಿಗೆ ಬಂದಾಗ ಪ್ರಾಂತ್ಯದ ಉಪವಿಭಾಗವಾದ ಕ್ಯಾಂಟನ್‌ನ ಪುರಸಭೆಯ ಹೊಣೆಯಾಗುತ್ತದೆ. 2008ರ ಸಂವಿಧಾನ ಮಾಡಿದ ಈ ಹಂಚಿಕೆಯನ್ನು ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ನನ್ನ ಮಟ್ಟಿಗೆ ಲೇಖನ ಆರಂಭವಾಗಬೇಕಾದದ್ದೇ ಅಲ್ಲಿ. ಗ್ವಾಮೊತೆ, ಕೋಲ್ತಾ ಕ್ಯಾಂಟನ್‌ಗಳಲ್ಲಿ ಕಿಚ್ವಾ ಭಾಷೆಯಾಡುವ ಪುರುಹಾ ಸಮುದಾಯದವರು ಬಹುಸಂಖ್ಯಾತರೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಆ ಎತ್ತರದಲ್ಲಿ ಬೇಸಾಯ ಮಾಡುವ ಅವರಿಗೆ ಈ ಹಂಚಿಕೆ ದಿನನಿತ್ಯದ ವಿಷಯ.

ಎರಡು ತಪ್ಪುಗಳನ್ನು ಖಂಡಿತ ತಿದ್ದಬೇಕು. ಗವರ್ನರ್ ಪ್ರಾಂತ್ಯದ ಚುನಾಯಿತ ಮುಖ್ಯಸ್ಥರೆಂದು ಬರೆದಿದ್ದೀರಿ. ಜನ ಆರಿಸುವುದು ಪ್ರಾಂತೀಯ ಸರ್ಕಾರದ ಮುಖ್ಯಸ್ಥರಾದ ಪ್ರಿಫೆಕ್ಟ್ ಅವರನ್ನು. ಗವರ್ನರ್ ರಾಷ್ಟ್ರಾಧ್ಯಕ್ಷರಿಂದ ನೇಮಕಗೊಂಡು ಕೇಂದ್ರ ಸರ್ಕಾರವನ್ನು ಪ್ರತಿನಿಧಿಸುತ್ತಾರೆ. ಇಬ್ಬರೂ ಪ್ರಾಂತ್ಯದ ರಾಜಧಾನಿಯಾದ ರಿಯೊಬಾಂಬಾ ನಗರದಿಂದಲೇ ಕೆಲಸ ಮಾಡುವುದರಿಂದ ಗೊಂದಲ ಸಹಜವಾದರೂ, ಆಡಳಿತವನ್ನೇ ವಿಷಯವಾಗಿಸಿಕೊಂಡ ಲೇಖನದಲ್ಲಿ ಅದನ್ನು ಒಪ್ಪಲಾಗದು. ಇನ್ನು, ಚಿಂಬೊರಾಸೊ ಶಿಖರ ಜಗತ್ತಿನಲ್ಲೇ ಅತಿ ಎತ್ತರದ್ದೆಂಬ ಮಾತು. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 6,263 ಮೀಟರ್ ಮಾತ್ರ. ಭೂಮಿ ಸಮಭಾಜಕದ ಬಳಿ ಉಬ್ಬಿರುವ ಕಾರಣ, ಭೂಕೇಂದ್ರದಿಂದ ಅಳೆದಾಗ ಅದರ ತುದಿ ಎವರೆಸ್ಟ್‌ನ ತುದಿಗಿಂತ ಸುಮಾರು ಎರಡು ಕಿಲೋಮೀಟರ್ ಹೆಚ್ಚು ದೂರದಲ್ಲಿದೆ. ಈ ವಿವರಣೆಯಿಲ್ಲದೆ ಆ ಮಾತನ್ನು ಬಳಸಬೇಡಿ.

1802ರಲ್ಲಿ ಜರ್ಮನ್ ವಿಜ್ಞಾನಿ ಹಂಬೋಲ್ಟ್ ಈ ಪರ್ವತವೇರಲು ಮಾಡಿದ ಯತ್ನಕ್ಕೆ ಒಂದು ಪುಟವನ್ನೇ ಕೊಟ್ಟಿದ್ದೀರಿ. ಅದು ಎಲ್ಲೆಡೆ ಸಿಗುವ ಕಥೆ, ಒಂದೆರಡು ಸಾಲು ಸಾಕು. 1797ರ ಭೂಕಂಪದಲ್ಲಿ ಹಳೆಯ ರಿಯೊಬಾಂಬಾ ನಾಶವಾದದ್ದು, ಇಂದಿನ ಕಾಹಬಾಂಬಾ ಬಳಿಯಿದ್ದ ಆ ಊರನ್ನು ತಾಪಿ ಬಯಲಿನಲ್ಲಿ ಹೊಸದಾಗಿ ಕಟ್ಟಿದ್ದು, ದೇಶದ ಮೊದಲ ಸಂವಿಧಾನ 1830ರಲ್ಲಿ ಆ ಹೊಸ ಊರಿನಲ್ಲೇ ರೂಪುಗೊಂಡದ್ದು ನಿಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ಪ್ರಾಂತ್ಯದ ರಾಜಧಾನಿ ಈಗಿರುವ ಜಾಗದಲ್ಲಿ ಏಕಿದೆ ಎಂಬುದಕ್ಕೆ ಅದೇ ಉತ್ತರ.

ಹತ್ತು ಕ್ಯಾಂಟನ್‌ಗಳೆಂದು ಹೇಳಿ ಒಂಬತ್ತನ್ನೇ ಹೆಸರಿಸಿದ್ದೀರಿ. ಬಿಟ್ಟುಹೋಗಿರುವುದು ಕುಮಾಂಡಾ. ಕರಾವಳಿ ಬಯಲಿನ ಅಂಚಿನಲ್ಲಿ, ಕೆಲವೇ ನೂರು ಮೀಟರ್ ಎತ್ತರದಲ್ಲಿರುವ ಈ ಬಿಸಿ ಪ್ರದೇಶ ಇದೇ ಪ್ರಿಫೆಕ್ಟ್ ವ್ಯಾಪ್ತಿಗೆ ಸೇರಿದೆ. ಹಿಮದ ಅಂಚಿನ ಹಳ್ಳಿಗಳಿಗೂ ಕುಮಾಂಡಾಕ್ಕೂ ಒಂದೇ ಕಚೇರಿ ಗ್ರಾಮೀಣ ರಸ್ತೆ, ನೀರಾವರಿಗಳನ್ನು ನೋಡಿಕೊಳ್ಳಬೇಕಾದಾಗ ಏಳುವ ಪ್ರಶ್ನೆಗಳಿಗೆ ಒಂದು ಭಾಗವನ್ನೇ ಮೀಸಲಿಡಿ. ಜೊತೆಗೆ ಕ್ಯಾಂಟನ್‌ಗಳ ಗಡಿ ಮತ್ತು ನದಿಗಳನ್ನು ಒಟ್ಟಿಗೆ ತೋರಿಸುವ ನಕಾಶೆಯೊಂದನ್ನು ಸೇರಿಸಿ ಕಳುಹಿಸಿದರೆ ಲೇಖನವನ್ನು ಮತ್ತೆ ಪರಿಶೀಲಿಸುತ್ತೇನೆ.

ಇತಿ,
ಸಂಪಾದಕ