ಎಂಟರಿಂದ ಹತ್ತನೇ ತರಗತಿ ಮಕ್ಕಳಿಗೆ ಹದಿಹರೆಯದ ಕಾದಂಬರಿ ಓದಿಸೋದು ಹೇಗೆ?

ನೀವು ಕೇಳಿದ್ದು ಇಷ್ಟು: ಕುಮಟಾ ಕಡೆಯ ಪ್ರೌಢಶಾಲೆಗೆ ಹೊಸದಾಗಿ ಕನ್ನಡ ಕಲಿಸಲು ಬಂದಿದ್ದೀರಿ. ಇಂಗ್ಲಿಷಿನವರು ‘ಯಂಗ್ ಅಡಲ್ಟ್’ ಅಂತ ಕರೆಯುವ ಬಗೆಯ ಪುಸ್ತಕಗಳನ್ನು ತರಗತಿಯಲ್ಲಿ ಓದಿಸುವ ಆಸೆ ಇದೆ. ಕನ್ನಡದಲ್ಲಿ ಅಂಥವು ಇವೆಯಾ, ಸಿಲೆಬಸ್ ನಡುವೆ ಹೊತ್ತು ಎಲ್ಲಿ ಸಿಗುತ್ತದೆ, ಪಾಲಕರು ತಕರಾರು ತೆಗೆದರೆ ಏನು ಮಾಡೋದು? ನಾನು ಅಂಕೋಲಾ–ಕಾರವಾರದ ನಡುವಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳಿಗೆ ಟೀಚರ್, ಅವರ ಮನೆಯವರಿಗೆ ಇನ್ನೂ ಅಕ್ಕೋರು. ನನ್ನ ಅನುಭವಕ್ಕೆ ಬಂದದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದವಾದೀತು.

ಎಲ್ಲಕ್ಕಿಂತ ಮೊದಲು ಒಂದು ಮಾತು. ‘ಈ ಕಥೆಯ ನೀತಿ ಏನು?’ ಅನ್ನೋ ಪ್ರಶ್ನೆಯನ್ನು ಚಪ್ಪಲಿ ಬಿಟ್ಟ ಹಾಗೆ ಬಾಗಿಲ ಹೊರಗೇ ಬಿಟ್ಟು ಒಳಗೆ ಹೋಗಿ. ಐದನೇ ತರಗತಿಯ ಮಗು ಅದಕ್ಕೆ ಪ್ರಾಮಾಣಿಕವಾಗಿ ಉತ್ತರ ಹುಡುಕುತ್ತದೆ. ಒಂಬತ್ತನೇ ತರಗತಿಯ ಹುಡುಗ ಹಾಗಲ್ಲ. ಟೀಚರಿಗೆ ಯಾವ ಉತ್ತರ ಬೇಕು ಅಂತ ನಿಮ್ಮ ಮುಖ ನೋಡಿಯೇ ಅಳೆದು, ‘ದುರಾಸೆ ಪಡಬಾರದು’ ಅಂತ ಒಪ್ಪಿಸಿ ಕೂತುಬಿಡುತ್ತಾನೆ. ಅಲ್ಲಿಗೆ ಅವನ ಪಾಲಿಗೆ ಪುಸ್ತಕ ಮುಗಿಯಿತು. ಹದಿಹರೆಯದ ಕಥೆಯ ಹುರುಳು ಇರುವುದೇ ಅದರ ಹುಡುಗನಿಗೋ ಹುಡುಗಿಗೋ ಸರಿ ಯಾವುದು ಅಂತ ಇನ್ನೂ ಗೊತ್ತಾಗದೇ ಇರುವುದರಲ್ಲಿ. ನಾವು ಮೊದಲೇ ತೀರ್ಪು ಬರೆದಿಟ್ಟುಕೊಂಡರೆ ಮಕ್ಕಳಿಗೆ ಯೋಚಿಸಲು ಏನು ಉಳಿಯಿತು?

ಅಮೆರಿಕದಲ್ಲಿ ಈ ಬಗೆಯ ಸಾಹಿತ್ಯದ ಮಾತು ಬಂದಾಗೆಲ್ಲ ‘ದಿ ಔಟ್‌ಸೈಡರ್ಸ್’ ಹೆಸರು ಹೇಳುತ್ತಾರೆ. ಬಡವರ ಮತ್ತು ಶ್ರೀಮಂತರ ಮನೆಯ ಹುಡುಗರ ಗುಂಪುಗಳು ಹೊಡೆದಾಡುವ ಕಥೆ. 1967ರಲ್ಲಿ ಅದು ಅಚ್ಚಾದಾಗ ಬರೆದ ಎಸ್.ಇ. ಹಿಂಟನ್‌ಗೆ ಇನ್ನೂ 18 ವರ್ಷ. ಅಲ್ಲಿ ಅದಕ್ಕೊಂದು ಪ್ರತ್ಯೇಕ ಕಪಾಟೇ ಆಯಿತು. ನಮ್ಮಲ್ಲಿ ಕಪಾಟು ಇಲ್ಲ, ಪುಸ್ತಕಗಳಿವೆ. ಅರ್ಧ ‘ಮಕ್ಕಳ ಸಾಹಿತ್ಯ’ದಲ್ಲಿ, ಅರ್ಧ ದೊಡ್ಡವರ ಕಾದಂಬರಿಗಳ ನಡುವೆ ಸೇರಿಕೊಂಡಿವೆ. ಹೆಕ್ಕಿ ತೆಗೆಯುವ ಕೆಲಸ ನಮ್ಮದು.

ಮಕ್ಕಳ ಕಪಾಟಿನಿಂದ ಹೆಕ್ಕಲು ಸುಲಭದ ದಾರಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ (2011), ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ನಮ್ಮ ಸಿದ್ದಾಪುರದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಎಲ್ಲ ಅಲ್ಲಿವೆ. ದೊಡ್ಡವರ ಕಪಾಟಿನಿಂದ ನಾನು ಮೊದಲು ಎಳೆಯುವುದು ತೇಜಸ್ವಿಯವರ ‘ಕರ್ವಾಲೊ’ (1980), ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವವರ ಕಾದಂಬರಿ. ಹತ್ತನೇ ತರಗತಿಗೆ ಗೋಕರ್ಣದ ಜಯಂತ ಕಾಯ್ಕಿಣಿಯವರ ಆಯ್ದ ಕಥೆಗಳು. ಹನೇಹಳ್ಳಿಯ ಯಶವಂತ ಚಿತ್ತಾಲರು ಪಕ್ಕದ ಊರಿನವರೇ ಆದರೂ ಎಂಟನೇ ತರಗತಿಗೆ ಬೇಡ. ಊರಿನ ಅಭಿಮಾನಕ್ಕೆ ಬಿದ್ದು ಬೇಗ ಕೊಟ್ಟರೆ ಮಕ್ಕಳಿಗೆ ಅವರ ಮೇಲೆ ಜನ್ಮಕ್ಕಾಗುವಷ್ಟು ಬೇಸರ ಹುಟ್ಟುತ್ತದೆ. ಇನ್ನೊಂದು ಜಾತಿಯ ಪುಸ್ತಕ ಇದೆ, ಹುಡುಗ ಮೊಬೈಲ್ ಚಟಕ್ಕೆ ಬಿದ್ದು ಕೊನೆಯ ಅಧ್ಯಾಯದಲ್ಲಿ ಅಪ್ಪನ ಕಾಲು ಹಿಡಿದು ಅಳುವಂಥದ್ದು. ಅದನ್ನು ದಯವಿಟ್ಟು ಬಿಡಿ. ಮಕ್ಕಳು ಎರಡನೇ ಪುಟದಲ್ಲೇ ವಾಸನೆ ಹಿಡಿಯುತ್ತಾರೆ.

‘ಕರ್ವಾಲೊ’ ತರಗತಿಯಲ್ಲಿ ಹೇಗೆ ನಡೆಯಿತು ಅಂತ ಹೇಳಿದರೆ ನಿಮಗೆ ಉಳಿದದ್ದು ಅರ್ಥವಾಗುತ್ತದೆ. ಪುಸ್ತಕ ಹಂಚಲಿಲ್ಲ. ಮೊದಲ ಕೆಲವು ಅಧ್ಯಾಯ ನಾನೇ ಗಟ್ಟಿಯಾಗಿ ಓದಿದೆ. ಪ್ರೌಢಶಾಲೆಯ ಮಕ್ಕಳಿಗೆ ಓದಿ ಹೇಳೋದಾ ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದಾರೆ, ನಗಲಿ. ನಮ್ಮ ತರಗತಿಯಲ್ಲಿ ಮನೆಯಲ್ಲಿ ಕೊಂಕಣಿ ಆಡುವವರು, ಹಾಲಕ್ಕಿ ಕನ್ನಡದವರು, ಮರಾಠಿಯವರು ಎಲ್ಲ ಒಟ್ಟಿಗೆ ಕೂತಿರುತ್ತಾರೆ. ಮೂಡಿಗೆರೆ ಕಡೆಯ ಮಾತಿನ ಲಯ ಕಿವಿಗೆ ಬೀಳದೆ ಕಾದಂಬರಿಯ ಹಳ್ಳಿ ಹುಡುಗ ಮಂದಣ್ಣನ ತಮಾಷೆ ಅವರಿಗೆ ತಾಗುವುದಿಲ್ಲ. ಒಮ್ಮೆ ಕಿವಿ ಹೊಂದಿಕೊಂಡರೆ ಮುಂದೆ ಅವರೇ ಓದುತ್ತಾರೆ, ನಾಲ್ಕೈದು ಜನರ ಗುಂಪಿಗೆ ಒಂದು ಪ್ರತಿ ಸಾಕು. ಗುಂಪಿನೊಳಗೆ ಚರ್ಚೆ ಯಾವ ಭಾಷೆಯಲ್ಲಾದರೂ ಆಗಲಿ, ತರಗತಿಯ ಮುಂದೆ ಎದ್ದು ಹೇಳುವಾಗ ಮಾತ್ರ ಕನ್ನಡ ಅನ್ನೋದು ನಮ್ಮ ಕರಾರು.

ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದವ, ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟಾ ನಿಸರ್ಗತಜ್ಞ. ನಾನು ಬೇರೇನೂ ಕೇಳದೆ ‘ಯಾರು ಹೇಳೋದು ಸರಿ?’ ಅಂದೆ. ಹಿಂದಿನ ಬೆಂಚಿನ ಒಬ್ಬ ಎದ್ದ. ಟೆಸ್ಟಿನಲ್ಲಿ ಪಾಸಾಗುವುದು ಅಪರೂಪ, ಆದರೆ ಇಳಿತದ ಹೊತ್ತಿಗೆ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಎಲ್ಲಿ ಸಿಗುತ್ತದೆ ಅಂತ ಅವನಷ್ಟು ಚೆನ್ನಾಗಿ ಬಲ್ಲವರಿಲ್ಲ. ‘ಟೀಚರ್, ಕರ್ವಾಲೊ ಸಿಕ್ಕಿದ್ದಕ್ಕೆ ಮಂದಣ್ಣ ಬುದ್ಧಿವಂತ ಆದ. ಸಿಗದೇ ಇದ್ದಿದ್ದರೆ?’ ಅಂದ. ಮುಂದಿನ ಬೆಂಚಿನ ಹುಡುಗಿ ತಿರುಗಿಯೇ ಬಿಟ್ಟಳು. ‘ಸಿಗದಿದ್ದರೂ ಬುದ್ಧಿವಂತನೇ. ಯಾರಿಗೂ ಗೊತ್ತಾಗ್ತಿರಲಿಲ್ಲ ಅಷ್ಟೇ.’ ‘ಯಾರಿಗೂ ಗೊತ್ತಾಗದಿದ್ದರೆ ಅದರಿಂದ ಅವನಿಗೇನು ಉಪಯೋಗ?’ ಅಂತ ಇವನು. ಗಂಟೆ ಹೊಡೆದರೂ ಜಗಳ ನಿಲ್ಲಲಿಲ್ಲ, ಗಣಿತದ ಸರ್ ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ತೀರ್ಪು ಕೊಡಲಿಲ್ಲ. ಕೊಡುವಂಥ ತೀರ್ಪು ನನ್ನ ಹತ್ತಿರ ಇರಲೂ ಇಲ್ಲ.

ಅದೇ ಕಾದಂಬರಿಯ ಹಾರುವ ಓತಿಯ ವಿಷಯಕ್ಕೆ ಬಂದಾಗ ಇನ್ನೊಂದು ತಕರಾರು ಎದ್ದಿತು. ಅಜ್ಜನ ಮನೆ ಶಿರಸಿ ಕಡೆ ಇರುವ ಹುಡುಗ, ‘ಇದು ನಮ್ಮ ಅಜ್ಜನ ಅಡಿಕೆ ತೋಟದಲ್ಲಿ ದಿನಾ ಕಾಣ್ತದೆ. ಇದಕ್ಕೆ ಇಷ್ಟು ದೊಡ್ಡ ದಂಡಯಾತ್ರೆಯಾ?’ ಅಂದ. ಹುಡುಗ ಹೇಳಿದ್ದು ನಿಜ, ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಹಾರುವ ಓತಿ ಇದೆ. ಪಕ್ಕೆಲುಬುಗಳನ್ನು ಹೊರಕ್ಕೆ ಚಾಚಿ ಅದರ ಮೇಲಿನ ಚರ್ಮವನ್ನು ಕೊಡೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ಹಾಗಾದರೆ ಕಾದಂಬರಿಯಲ್ಲಿ ಅದು ಯಾಕೆ ಕೋಟ್ಯಂತರ ವರ್ಷದ ಹಿಂದಿನಿಂದ ಬಂದ ವಿಸ್ಮಯವಾಗಿ ಕಾಣುತ್ತದೆ? ಕಥೆಗಾರ ಸುಳ್ಳು ಹೇಳಿದನಾ, ನಾವು ದಿನಾ ನೋಡುವುದನ್ನು ನೋಡಲೇ ಇಲ್ಲವಾ? ಈ ಪ್ರಶ್ನೆ ಮಕ್ಕಳೇ ಎತ್ತಿಕೊಂಡು ವಿಜ್ಞಾನದ ಟೀಚರ ಹತ್ತಿರ ಓಡಿದರು. ಕೊನೆಯಲ್ಲಿ ಓತಿ ಕೈಗೆ ಸಿಗದೇ ಪ್ರಪಾತದ ಕಡೆ ತೇಲಿ ಹೋಗುವುದಕ್ಕಂತೂ ಅರ್ಧ ತರಗತಿ ಸಿಟ್ಟಾಗಿತ್ತು. ಅಷ್ಟು ಓದಿಸಿ ಕೊನೆಗೆ ಹೀಗೆ ಮಾಡೋದಾ ಅಂತ. ಸಿಟ್ಟು ಬರಲಿ. ಗೈಡ್ ಓದಿದವರಿಗೆ ಆ ಸಿಟ್ಟು ಬರೋದಿಲ್ಲ.

ಪ್ರಶ್ನೆ ಕೇಳಲೇಬೇಕಾದರೆ ಇಂಗ್ಲೆಂಡಿನ ಏಡನ್ ಚೇಂಬರ್ಸ್ ಅನ್ನೋ ಶಿಕ್ಷಕ–ಲೇಖಕರ ಪ್ರಶ್ನೆಗಳು ನನಗೆ ಬಹಳ ಉಪಯೋಗಕ್ಕೆ ಬಂದಿವೆ. ಇಷ್ಟವಾದದ್ದು ಏನು, ಇಷ್ಟವಾಗದ್ದು ಏನು, ಅರ್ಥವಾಗದೆ ಕಾಡಿದ್ದು ಏನು, ಮತ್ತೆ ಮತ್ತೆ ಬರುವಂಥದ್ದು ಏನಾದರೂ ಕಂಡಿತಾ. ಇಷ್ಟೇ. ಎರಡನೆಯದಕ್ಕೆ ಮಕ್ಕಳು ಮೊದಮೊದಲು ಬಾಯಿ ಬಿಡುವುದಿಲ್ಲ, ದೊಡ್ಡ ಸಾಹಿತಿಯ ಪುಸ್ತಕ ಇಷ್ಟವಾಗಲಿಲ್ಲ ಅಂದರೆ ಟೀಚರ್ ಬೈತಾರೆ ಅನ್ನೋ ಹೆದರಿಕೆ. ಯಾರಾದರೂ ಒಬ್ಬರು ಧೈರ್ಯ ಮಾಡಿ ‘ಬೋರಾಯ್ತು’ ಅಂದಾಗ ‘ಯಾವ ಪುಟದಲ್ಲಿ?’ ಅಂತ ಕೇಳಿ, ಆ ಪುಟ ತೆಗೆಸಿ. ನಿಜವಾದ ಪಾಠ ಅಲ್ಲಿಂದ ಶುರುವಾಗುತ್ತದೆ.

ಬರೆಸುವುದಕ್ಕೆ ಸಾರಾಂಶ ಬೇಡ. ನಾನು ಚುಟುಕ ಬರೆಸುತ್ತೇನೆ. ದಿನಕರ ದೇಸಾಯಿಯವರ ಜಿಲ್ಲೆಯಲ್ಲಿದ್ದು ನಾಲ್ಕು ಸಾಲು ಪ್ರಾಸ ಕಟ್ಟಲು ಬಾರದ ಮಕ್ಕಳಿಲ್ಲ. ಪಾತ್ರವೊಂದರ ಮೇಲೆ ನಾಲ್ಕೇ ಸಾಲು, ಹೊಗಳಿಯಾದರೂ ಸರಿ, ಕಾಲೆಳೆದಾದರೂ ಸರಿ. ಪ್ರಬಂಧ ಅಂದರೆ ತಲೆ ಬಗ್ಗಿಸುವವರೂ ಇದಕ್ಕೆ ಪೆನ್ನು ತೆಗೆಯುತ್ತಾರೆ. ಇದನ್ನೇ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ದಾಖಲೆ ಮಾಡಬಹುದು, ಮೇಲಿನವರು ಬಂದು ಕೇಳಿದರೆ ತೋರಿಸಲು ಕಾಗದವೂ ಇರುತ್ತದೆ.

ಹೊತ್ತಿನ ವಿಷಯಕ್ಕೆ ನಮ್ಮ ಕರಾವಳಿಯ ಮಳೆಯೇ ದಾರಿ ಮಾಡಿಕೊಟ್ಟಿದೆ. ಜುಲೈನಲ್ಲಿ ಜಿಲ್ಲಾಧಿಕಾರಿಗಳು ಕೊಡುವ ಮಳೆ ರಜೆಗಳನ್ನು ಸರಿದೂಗಿಸಲು ಮುಂದೆ ಶನಿವಾರ ಪೂರ್ತಿ ದಿನ ಶಾಲೆ ನಡೆಸಬೇಕಾಗುತ್ತದೆ. ಶನಿವಾರ ಮಧ್ಯಾಹ್ನದ ಮೇಲೆ ಸಂಧಿ–ಸಮಾಸ ಯಾರ ತಲೆಗೂ ಹತ್ತುವುದಿಲ್ಲ. ಆ ಹೊತ್ತು ಕಾದಂಬರಿಯದ್ದು. ಪಠ್ಯಪುಸ್ತಕದಲ್ಲೇ ಇರುವ ಪಠ್ಯಪೂರಕ ಅಧ್ಯಯನದ ಭಾಗವನ್ನೂ ಇದಕ್ಕೆ ಜೋಡಿಸಿಕೊಳ್ಳಬಹುದು. ಹತ್ತನೇ ತರಗತಿಗೆ ಡಿಸೆಂಬರ್ ನಂತರ ಆಸೆ ಇಟ್ಟುಕೊಳ್ಳಬೇಡಿ.

ಡಿಸೋಜರ ಪುಸ್ತಕದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹೆಸರೇ ಹೇಳುವ ಹಾಗೆ ಅದು ಮುಳುಗಡೆಯ ಊರಿಗೆ ಸಂಬಂಧಿಸಿದ್ದು. ನಮ್ಮ ತರಗತಿಯಲ್ಲಿ ಸೀಬರ್ಡ್ ಕಾಲೊನಿಯ ಮಕ್ಕಳಿದ್ದಾರೆ. ನೌಕಾನೆಲೆಗಾಗಿ ಅಜ್ಜ–ಅಜ್ಜಿಯರು ಬಿಟ್ಟು ಬಂದ ಊರು ಈಗ ಗೋಡೆಯ ಆಚೆ ಇದೆ, ಈ ಮಕ್ಕಳು ಅದನ್ನು ನೋಡಿದ್ದೇ ಇಲ್ಲ. ಅಮೆರಿಕದ ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಪುಸ್ತಕ ಓದುವ ಮಗುವಿಗೆ ಕನ್ನಡಿಯೂ ಆಗಬೇಕು, ಬೇರೆಯವರ ಬದುಕು ಕಾಣುವ ಕಿಟಕಿಯೂ ಆಗಬೇಕು ಅಂತ ಬರೆದಿದ್ದರು. ಅಣೆಕಟ್ಟಿನಿಂದ ಊರುಗಳು ಮುಳುಗಿದ ಶರಾವತಿ ಕೊಳ್ಳದ ಸಂಕಟ ನಮ್ಮ ಮಕ್ಕಳಿಗೆ ಎರಡೂ ಆಗುತ್ತದೆ ಅಂತ ನನ್ನ ಲೆಕ್ಕ. ಮನೆಯಲ್ಲಿ ‘ಬರುವಾಗ ಏನನ್ನು ಬಿಟ್ಟು ಬಂದಿರಿ’ ಅಂತ ಕೇಳಿ ಬರೆದುಕೊಂಡು ಬನ್ನಿ ಅಂದಿದ್ದೆ. ಒಬ್ಬಳು ಬರೆದದ್ದು: ಅಡುಗೆಮನೆಯ ನೆಲಕ್ಕೆ ಹೂತಿಟ್ಟಿದ್ದ ರುಬ್ಬುವ ಕಲ್ಲು. ಲಾರಿಯವನು ಅಗೆಯಲು ಹೊತ್ತಿಲ್ಲ ಅಂದನಂತೆ. ಅಜ್ಜಿ ಮನೆ ಹೋದದ್ದಕ್ಕಿಂತ ಆ ಕಲ್ಲಿನ ಮಾತನ್ನೇ ಹೆಚ್ಚು ಆಡುತ್ತಾಳಂತೆ. ಅದರ ಹಿಂದೆಯೇ ಇನ್ನೊಬ್ಬ, ‘ನನಗೆ ಆ ಹಳೇ ಊರು ಬೇಡ ಟೀಚರ್, ಇಲ್ಲಿ ಬಸ್ ಇದೆ, ಕ್ರಿಕೆಟಿಗೆ ಜಾಗ ಇದೆ’ ಅಂದ. ಪಾಲಕರ ಸಭೆಗೆ ಬಂದ ಅವನ ಅಜ್ಜಿಗೆ ಅದು ಹೇಗೋ ಗೊತ್ತಾಗಿ ಅಲ್ಲೇ ಅವನಿಗೆ ಮಂಗಳಾರತಿಯಾಯಿತು. ನನಗೆ ಇಬ್ಬರ ಮಾತೂ ಬೇಕು. ಊರು ಕಳೆದುಕೊಂಡ ಕಥೆ ಅಂದಕೂಡಲೇ ಎಲ್ಲರೂ ಒಂದೇ ದನಿಯಲ್ಲಿ ಅಳಬೇಕು ಅನ್ನೋದೂ ಒಂದು ಬಗೆಯ ‘ನೀತಿ’ಯೇ.

ಪಾಲಕರ ತಕರಾರು ಬಂದೇ ಬರುತ್ತದೆ, ಹೆಚ್ಚಾಗಿ ಪ್ರೀತಿ–ಪ್ರೇಮದ ಬಗ್ಗೆ. ಮಂದಣ್ಣ ಮದುವೆಗಾಗಿ ಪರದಾಡುವುದನ್ನೇ ದೊಡ್ಡದು ಮಾಡಿ ‘ಹುಡುಗಿ ಹಾಳಾಗ್ತಾಳೆ’ ಅಂತ ಬಂದ ತಂದೆಯೊಬ್ಬರಿದ್ದರು. ಬೋಟಿಗೆ ಹೋಗುವವರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಅವರು ಮನೆಯಲ್ಲೇ ಇದ್ದರು. ವಾದ ಮಾಡದೆ ಪುಸ್ತಕ ಕೈಗೆ ಕೊಟ್ಟು, ನೀವೇ ಓದಿ ತಪ್ಪು ಎಲ್ಲಿದೆ ಅಂತ ಗುರುತು ಹಾಕಿ ಕೊಡಿ ಅಂದೆ. ಮರಳಿ ಕೊಡಲು ಬಂದಾಗ ಗುರುತು ಒಂದೂ ಇರಲಿಲ್ಲ. ‘ಅಕ್ಕೋರೇ, ಜೇನಿನ ವಿಷಯ ಇಷ್ಟೆಲ್ಲ ಬರೆದಿದ್ದಾರಲ್ಲ, ಬಂಗಡೆ ವಿಷಯ ಹೀಗೆ ಯಾರೂ ಬರೆದಿಲ್ವಾ?’ ಅಂತ ಕೇಳಿದರು. ಎಲ್ಲರೂ ಹೀಗೆ ಇರುವುದಿಲ್ಲ. ಆದ್ದರಿಂದ ಶುರು ಮಾಡುವ ಮೊದಲೇ ಮುಖ್ಯೋಪಾಧ್ಯಾಯರಿಗೂ ಶಾಲಾಭಿವೃದ್ಧಿ ಸಮಿತಿಗೂ (ಎಸ್‌ಡಿಎಂಸಿ) ಪುಸ್ತಕದ ಪಟ್ಟಿ ತೋರಿಸಿಡಿ. ಆಮೇಲೆ ಯಾರಾದರೂ ಬಂದರೆ ನೀವು ಒಬ್ಬರೇ ನಿಲ್ಲಬೇಕಾಗಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿ ಇದೆ. ಈ ವಯಸ್ಸಿನ ಮಕ್ಕಳು ಕಥೆಯ ಪಾತ್ರದ ನೆಪದಲ್ಲಿ ತಮ್ಮದೇ ಕಷ್ಟ ಬರೆದುಬಿಡುತ್ತಾರೆ. ಮನೆಯಲ್ಲೋ ಹೊರಗೋ ಲೈಂಗಿಕ ಕಿರುಕುಳದ ಸುಳಿವು ಕಂಡರೆ ಅದನ್ನು ಗುಟ್ಟಾಗಿ ಇಡುತ್ತೇನೆ ಅಂತ ಮಗುವಿಗೆ ಮಾತು ಕೊಡಬೇಡಿ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಆ ಬರಹವನ್ನು ತರಗತಿಯಲ್ಲಿ ಓದಿಸುವುದು, ಸ್ಟಾಫ್ ರೂಮಿನಲ್ಲಿ ಹಂಚಿಕೊಳ್ಳುವುದು ಎರಡೂ ಕೂಡದು. ಬರಹ ಬರೆಸುವ ಮೊದಲೇ, ಬೇಕಾದರೆ ಪುಟ ಮಡಚಿಡಿ, ಮಡಚಿದ್ದನ್ನು ತರಗತಿಯಲ್ಲಿ ಯಾರೂ ಓದುವುದಿಲ್ಲ, ನಾನೊಬ್ಬಳೇ ನೋಡುತ್ತೇನೆ ಅಂತ ನಾನು ಹೇಳಿರುತ್ತೇನೆ.

ಪುಸ್ತಕ ಎಲ್ಲಿಂದ ಅಂದರೆ, ಶಾಲೆಯ ಗ್ರಂಥಾಲಯದ ಬೀರು ಬೀಗ ತೆಗೆಸಿ ನೋಡಿ, ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚೇ ಇರುತ್ತದೆ. ಗ್ರಾಮ ಪಂಚಾಯತಿ ಗ್ರಂಥಾಲಯ, ಈಗಿನ ಅರಿವು ಕೇಂದ್ರದಲ್ಲಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಸಿ. ನಾಲ್ಕು ಪ್ರತಿ ಕೊಳ್ಳುವ ದುಡ್ಡನ್ನು ಹಳೆಯ ವಿದ್ಯಾರ್ಥಿಗಳ ಹತ್ತಿರ ಕೇಳಿದರೆ ಇಲ್ಲ ಅನ್ನುವುದಿಲ್ಲ. ಕೊಟ್ಟ ಪುಸ್ತಕದಲ್ಲಿ ಒಂದೆರಡು ಮರಳಿ ಬರುವುದಿಲ್ಲ, ಅದರ ಬೆನ್ನು ಹತ್ತಬೇಡಿ. ಯಾರಿಗೋ ಅಷ್ಟು ಹಿಡಿಸಿದೆ ಅಂತ ತಿಳಿದುಕೊಂಡು ಇನ್ನೊಂದು ಪ್ರತಿ ತರಿಸಿ.

ನಿಮಗೆ ಎಂಟನೇ ತರಗತಿ ಇದ್ದರೆ ‘ಬಾವಲಿ ಗುಹೆ’ಯ ಮೊದಲ ಕೆಲವು ಪುಟ ಓದಿ ಹೇಳುವುದರಿಂದ ಶುರು ಮಾಡಿ, ಒಂಬತ್ತಾದರೆ ನೇರ ‘ಕರ್ವಾಲೊ’. ತರಗತಿಯಲ್ಲಿ ಎಷ್ಟು ಮಕ್ಕಳು, ಮನೆಮಾತು ಯಾವುದು ಅಂತ ಕೆಳಗೆ ಬರೆದರೆ ಗುಂಪು ಮಾಡುವ ಬಗ್ಗೆ ಇನ್ನಷ್ಟು ಹೇಳುತ್ತೇನೆ.