ಕೇಳ್ರಿ, ಹೇಳ್ತೀನಿ: ನಗರಸಭೆ ಎಲೆಕ್ಷನ್‌ಗೆ ನಿಂದ್ರಲೇನು?

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಾನು ಕೊಪ್ಪಳದಾಗ ಮನಿಯೊಳಗ ಟೇಲರಿಂಗ್ ಮಾಡ್ತೀನಿ, ಮಹಿಳಾ ಸಂಘದ ಲೆಕ್ಕ ಬರಿಯೋದೂ ನಾನ. ನಮ್ಮ ಓಣಿಯಾಗ ನಳದ ಪೈಪು ಗಟಾರದೊಳಗ ಹಾಯ್ದು ಬಂದಾವ, ನೀರು ಬಿಟ್ಟ ಕೂಡ್ಲೆ ಮೊದ್ಲ ಕರ್ರಗ, ವಾಸನಿ ಬರೋ ನೀರು ಬರ್ತೈತಿ. ಮೆಂಬರ್‌ಗೆ ಹೇಳಿ ಹೇಳಿ ಸಾಕಾಗೈತಿ. ಸಂಘದವ್ರು ಮುಂದಿನ ಎಲೆಕ್ಷನ್‌ಗೆ ನೀನ ನಿಂದ್ರು ಅಂತಾರ. ಮನಿಯವ್ರು ಹೇಳೋದು ಬ್ಯಾರೆ, ಎಂಟ್ಹತ್ತು ಲಕ್ಷ ಬೇಕಾಗ್ತೈತಿ, ಹೊಲದ ಮ್ಯಾಲೆ ಸಾಲ ತಗೀಬೇಕು, ನಿನ್ನ ಹೆಸರು ಇರ್ಲಿ ಓಡಾಟ ಎಲ್ಲಾ ನಾ ಮಾಡ್ತೀನಿ ಅಂತಾರ. ನಾ ಪಿಯುಸಿ ತನಕ ಓದೀನಿ. ನಿಂದ್ರಲೇನ್ರಿ?
- ಹೆಸರು ಹಾಕಬ್ಯಾಡ್ರಿ, ಕೊಪ್ಪಳ

ಉತ್ತರ: ನಿಂದ್ರವ್ವ ತಂಗಿ. ಆದ್ರ ಹೊಲದ ಮ್ಯಾಲೆ ಸಾಲ ಬ್ಯಾಡ, ಓಡಾಟ ನಿಂದ ಇರ್ಲಿ. ಉಳಿದದ್ದೆಲ್ಲಾ ಆಮ್ಯಾಲೆ ಹೇಳ್ತೀನಿ, ಮೊದ್ಲ ಇಷ್ಟು ಗಟ್ಟಿ ಮಾಡ್ಕೋ. ಸಾಲ ತಂದು ಗೆದ್ದವ್ರಿಗೆ ಮೊದಲನೇ ದಿನದಿಂದ ಆ ಸಾಲದ್ದ ಚಿಂತಿ, ಓಣಿ ಚಿಂತಿ ಹಿಂದ ಬೀಳ್ತೈತಿ, ಆಮ್ಯಾಲೆ ಗುತ್ತಿಗೆದಾರ ಬಂದು ಕುಂತಾಗ ಅವನ ಮುಂದ ಬಾಯಿ ಬರಂಗಿಲ್ಲ, ರೋಡಿಗೆ ಹಾಕೋ ಸಿಮೆಂಟ್ ಕಮ್ಮಿ ಆದ್ರೂ ಕೇಳಾಕಾಗಂಗಿಲ್ಲ. ಖರ್ಚಿಗೆ ಚುನಾವಣಾ ಆಯೋಗದ ಮಿತಿ ಐತಿ, ರಿಸಲ್ಟ್ ಆದ ಮ್ಯಾಲೆ ಲೆಕ್ಕಾನೂ ಕೊಡಬೇಕು. ಸಂಘದ ಲೆಕ್ಕ ಬರಿಯೋ ನಿನಗ ಇದು ದೊಡ್ಡ ಕೆಲಸ ಅಲ್ಲ. ಚೀಟಿ ಛಾಪಿಸೋದು, ಬಾಡಿಗಿ ಆಟೋ, ಚಹಾ, ಇಷ್ಟಕ್ಕ ಎಷ್ಟಾಗ್ತೈತಿ ಅಂತ ಸಂಘದವ್ರ ಜೋಡಿ ಕುಂತು ಬರಿ. ಅದರ ಮ್ಯಾಲಿನ ದುಡ್ಡು ಯಾತಕ್ಕ ಅಂತ ನಿಮ್ಮ ಮನಿಯವ್ರನ್ನ ಕೇಳು, ಸೀರಿಗೋ ನೋಟಿಗೋ ಅಂದ್ರ ಬ್ಯಾಡ ಅನ್ನು.

ಕಾಯ್ದೆ ಪ್ರಕಾರ ಏನ್ ಬೇಕು ಅಂದ್ರ, 21 ವರ್ಷ ತುಂಬಿರಬೇಕು, ಊರಿನ ವೋಟರ್ ಲಿಸ್ಟ್‌ನ್ಯಾಗ ಹೆಸರಿರಬೇಕು, ಸರಕಾರಿ ನೌಕರಿ ಇರಬಾರ್ದು, ನಗರಸಭೆ ಗುತ್ತಿಗಿಯೊಳಗ ಪಾಲು ಇರಬಾರ್ದು, ಮನಿ ತೆರಿಗಿ ನೀರಿನ ಬಿಲ್ ಬಾಕಿ ಇದ್ರ ಈಗ ಕಟ್ಟಿ ರಸೀದಿ ಜೋಪಾನ ಇಟ್ಕೋ. ಓದಿನ ಷರತ್ತು ಇಲ್ಲ, ಹಂಗಾಗಿ ಪಿಯುಸಿ ಬಗ್ಗೆ ಅಂಜಬ್ಯಾಡ.

ವಾರ್ಡಿನ ಮೀಸಲಾತಿ ನಿನ್ನ ಕೈಯಾಗಿಲ್ಲ. ನಮ್ಮ ರಾಜ್ಯದಾಗ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಅದಾವ, ಆದ್ರ ಯಾವ ವಾರ್ಡು ಯಾರಿಗೆ ಅನ್ನೋದು ಸಲಕ್ಕೊಮ್ಮೆ ಬದಲಾಗ್ತೈತಿ, ಪಟ್ಟಿ ಬರೋತನಕ ಇದ ವಾರ್ಡು ನಂದು ಅಂತ ಎಲ್ಲೂ ಹೇಳಬ್ಯಾಡ. ಕೊಪ್ಪಳದಾಗ ಕಳದ ಸಲ 31 ವಾರ್ಡಿಗೆ ವೋಟಿಂಗ್ ಆಗಿದ್ದು 2018ರ ಆಗಸ್ಟ್ 31ಕ್ಕ. ಆವಾಗ ಗೆದ್ದವ್ರ ಪಾಡು ನೆನಸ್ಕೋ. ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ಜಗಳ ಕೋರ್ಟಿಗೆ ಹೋಗಿ, ರಾಜ್ಯದ ಭಾಳ ಊರಾಗ 2020ರ ಕೊನಿತನಕ ಆಡಳಿತ ಮಂಡಳಿನ ಕುಂದರಲಿಲ್ಲ, ಗೆದ್ದ ಮೆಂಬರ್‌ಗಳು ಎರಡು ವರ್ಷದ ಮ್ಯಾಲೆ ಬರೇ ಹೆಸರಿಗೆ ಮೆಂಬರ್ ಆಗಿ ಓಡ್ಯಾಡಿದ್ರು, ಎಲ್ಲಾ ಅಧಿಕಾರಿಗಳ ಕೈಯಾಗ ನಡೀತು. ಆಮ್ಯಾಲೆ ಅಧ್ಯಕ್ಷ ಉಪಾಧ್ಯಕ್ಷರ ಎರಡನೇ ಅವಧಿ ಮೀಸಲಾತಿ ಬರೋದೂ ಹಂಗ ತಡ ಆಗಿ 2024 ಬಂತು. ಅಧಿಕಾರ ಸಿಕ್ಕ ಮ್ಯಾಲೆ ಕೆಲಸ ಶುರು ಮಾಡ್ತೀನಿ ಅಂತ ಕುಂತ್ರ ಹಿಂಗ ಕುಂದರಬೇಕಾಗ್ತೈತಿ, ಅದಕ್ಕ ನಾ ಹೇಳೋದು ಈಗಿಂದ ಹಿಡಿ ಅಂತ.

ಹೆಂಗ ಹಿಡೀಬೇಕು? ನಿಮ್ಮ ಓಣಿ ನೀರನ್ನ ತಗೋ. ನೀರು ಬಿಡದ ದಿನ ಪೈಪ್ ಖಾಲಿ ಇರ್ತೈತಿ, ಜಾಯಿಂಟ್ ಸಡಿಲ ಇದ್ದಲ್ಲೆ, ತುಕ್ಕು ಹಿಡಿದು ತೂತು ಬಿದ್ದಲ್ಲೆ ಗಟಾರದ ನೀರು ಒಳಗ ಹೋಗಿ ಕುಂದರ್ತೈತಿ, ನೀರು ಬಿಟ್ಟಾಗ ಮೊದ್ಲ ಬರೋದು ಅದ. ಗಟಾರ ಎಷ್ಟ್ ಸಲ ಬಳದ್ರೂ, ಮ್ಯಾಲೆ ಸಿಸಿ ರೋಡ್ ಹಾಕಿದ್ರೂ ಇದು ನಿಲ್ಲಂಗಿಲ್ಲ, ಮನಿ ಮನಿ ಕನೆಕ್ಷನ್ ಪೈಪನ್ನ ಗಟಾರದಿಂದ ಹೊರಗ ತಗದು ಬ್ಯಾರೆ ಕಡಿಯಿಂದ ಹಾಯಿಸಬೇಕು. 2022ರಾಗ ರಾಯಚೂರು ಸಿಟಿಯಾಗ ಕೆಟ್ಟ ನೀರು ಕುಡ್ದು ಜನ ಸತ್ತದ್ದು ನಮಗೆಲ್ಲಾ ಗೊತ್ತೈತಿ, ಹಂಗಾಗಿ ಇದನ್ನ ಹಗುರ ತಗೋಬ್ಯಾಡ, ಅಲ್ಲಿತನಕ ನೀರು ಕಾಸಿ ಕುಡೀರಿ ಅಂತ ಮನಿಮನಿಗೆ ಹೇಳು. ಯಾವ ಮನಿ ಪೈಪು ಗಟಾರದಾಗ ಐತಿ, ಯಾವ ಮನಿಯಾಗ ಹುಡುಗ್ರಿಗೆ ವಾಂತಿ ಬೇಧಿ ಆಗೈತಿ, ಒಂದ್ ನೋಟ್‌ಬುಕ್‌ನ್ಯಾಗ ಬರಿ, ಫೋಟೋ ತಗಿ, ಅರ್ಜಿ ಮಾಡಿ ಪೌರಾಯುಕ್ತರ ಕಚೇರಿ ಟಪಾಲಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬಾ. ಬಾಯಿಲೆ ಹೇಳಿದ್ದಕ್ಕ ಲೆಕ್ಕ ಇಲ್ಲ.

ಅರ್ಜಿ ಕೊಡೂ ಟೈಮ್ ಮುಖ್ಯ. ಓಣಿ ಕೆಲಸ ಆಗೋದು ಬಿಡೋದು ತೀರ್ಮಾನ ಆಗೋದು ಕ್ರಿಯಾ ಯೋಜನೆಯೊಳಗ. ಗ್ರ್ಯಾಂಟ್ ಬಂದಾಗ ಯಾವ ವಾರ್ಡಿಗೆ ಏನು ಅಂತ ಪಟ್ಟಿ ಮಾಡ್ತಾರ, ಸಾಮಾನ್ಯ ಸಭೆಯಾಗ ಠರಾವು ಆಗ್ತೈತಿ, ಡಿಸಿ ಮಂಜೂರಿ ಆಗ್ಬೇಕು, ಆಮ್ಯಾಲೆ ಎಸ್ಟಿಮೇಟ್, ಟೆಂಡರ್. ಪಟ್ಟಿಯಾಗ ಹೆಸರು ಬರಲಿಲ್ಲಂದ್ರ ಆ ವರ್ಷ ಮೆಂಬರ್ ಎಷ್ಟು ಬಡ್ಕೊಂಡ್ರೂ ಅಷ್ಟ. 15ನೇ ಹಣಕಾಸು ಆಯೋಗದ ದುಡ್ಡಿನ, ಅಂದ್ರ ಕೇಂದ್ರದಿಂದ ಊರಿಗೆ ಬರೋ ದುಡ್ಡಿನ ನಿಯಮ ನೋಡು, 2021-22ರಿಂದ 2025-26ರ ಅವಧಿಗೆ ನಮ್ಮಂಥ ಊರಿಗೆ ಬಂದದ್ರಾಗ 60% ಕುಡಿಯೋ ನೀರು ಮತ್ತ ಕಸ-ನೈರ್ಮಲ್ಯಕ್ಕ ಮೀಸಲು ಇತ್ತು, ಅದನ್ನ ಬ್ಯಾರೆದಕ್ಕ ಹಾಕಂಗಿರಲಿಲ್ಲ. ಹಿಂದಿನ ವರ್ಷದ ಕ್ರಿಯಾ ಯೋಜನೆ, ಸಭೆ ನಡಾವಳಿ ಮಾಹಿತಿ ಹಕ್ಕಿನೊಳಗ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ ತಗೋ, ನಿಮ್ಮ ವಾರ್ಡಿಗೆ ಯಾವಾಗ ಎಷ್ಟು ಬಂತು, ಎಲ್ಲಿ ಹೋತು, ಅದರಾಗ ಸಿಗ್ತೈತಿ. ಇಂಥಾ ಹಾಳಿ ಓದೂ ಚಟ ಇರೋ ಮೆಂಬರ್ ಭಾಳ ಕಮ್ಮಿ, ನನಗ ಅದ ದೊಡ್ಡ ಸಂಕಟ, ಅಜೆಂಡಾ ಮನಿಗೆ ಬಂದಿರ್ತೈತಿ, ಬಿಚ್ಚದ ಸಭೆಗೆ ಹೋಗಿ ಕೈ ಎತ್ತಿ ಬರ್ತಾರ. ನೀ ಲೆಕ್ಕ ಬರಿಯಾಕಿ, ನಿನಗ ಈ ಚಟ ಐತಿ ಅಂತ ಪತ್ರ ನೋಡಿದ್ರ ತಿಳೀತೈತಿ. ನಾ ನಿಂದ್ರು ಅಂದದ್ದು ಇದಕ್ಕ.

ಪಾರ್ಟಿಯೋ ಪಕ್ಷೇತರೋ ಅಂತ ನೀ ಕೇಳಿಲ್ಲ, ಆದ್ರೂ ಆ ಮಾತು ಬಂದ ಬರ್ತೈತಿ. ಪಾರ್ಟಿ ಟಿಕೆಟ್ ಸಿಕ್ರ ಗುರುತು, ಜನ ಎರಡೂ ಸಿಗ್ತಾವ, ಆದ್ರ ವಿಪ್ (ಹಿಂಗ ವೋಟ್ ಹಾಕು ಅನ್ನೋ ಪಾರ್ಟಿ ಹುಕುಂ) ಕೊಟ್ರ ಅವ್ರು ಹೇಳಿದಂಗ ವೋಟ್ ಹಾಕಬೇಕು, ಇಲ್ಲಂದ್ರ ಪಕ್ಷಾಂತರ ನಿಷೇಧ ಕಾಯ್ದೆಯಾಗ ಸೀಟು ಹೋಗೋ ಅಂಜಿಕಿ. ಪಕ್ಷೇತರರು ಗೆಲ್ಲೋದ ಇಲ್ಲ ಅನ್ನೋ ಮಾತು ನಂಬಬ್ಯಾಡ, ಬಳ್ಳಾರಿ ಪಾಲಿಕೆಗೆ 2021ರ ಏಪ್ರಿಲ್‌ನ್ಯಾಗ ಎಲೆಕ್ಷನ್ ಆದಾಗ 39 ವಾರ್ಡಿನಾಗ 5 ಜನ ಪಕ್ಷೇತರರು ಗೆದ್ದಿದ್ರು. ಆದ್ರ ಸಭೆಯಾಗ ಒಬ್ಬಾಕಿ ಮಾತು ನಡಿಯಂಗಿಲ್ಲ, ಶಾಸಕರಿಗೂ ಸಂಸದರಿಗೂ ಅಲ್ಲೆ ವೋಟ್ ಐತಿ. ಬಾಜು ವಾರ್ಡಿನವ್ರೂ ನೀರಿಗೆ ಒದ್ದಾಡ್ತಿರ್ತಾರ, ಅವ್ರ ಪರಿಚಯ ಈಗಿಂದ ಮಾಡ್ಕೋ.

ಇನ್ನ ನಿಮ್ಮ ಮನಿಯವ್ರ ಮಾತು. ಸಿಟ್ಟು ಮಾಡಬ್ಯಾಡ, ಅವ್ರು ಕಾಳಜಿಯಿಂದ ಹೇಳಿರಬಹುದು, ಪ್ರಚಾರಕ್ಕ ಅವ್ರ ಸಹಾಯ ತಗೋ, ರಾತ್ರಿ ಹೊತ್ತು ಜೋಡಿ ಬರ್ಲಿ. ಆದ್ರ ಸಭೆಯಾಗ ಅವ್ರಿಗೆ ಕುರ್ಚಿ ಇಲ್ಲ, ಫೈಲಿಗೆ ಸಹಿ ನಿಂದು, ತಪ್ಪಾದ್ರ ನೋಟಿಸ್ ಬರೋದೂ ನಿನ್ನ ಹೆಸರಿಗೆ. ಇದನ್ನ ನಾಮಿನೇಷನ್ ಹಾಕೋಕಿಂತ ಮೊದ್ಲ ಮನಿಯಾಗ ಅತ್ತಿ ಮಾವನ ಮುಂದ ಕುಂತು ಮಾತಾಡಿ ಮುಗಿಸು. ಫೋನ್ ನಂಬರ್ ಜನಕ್ಕ ಕೊಡೋದು ನಿಂದ ಇರ್ಲಿ, ಅವ್ರದ್ದಲ್ಲ.

ಪ್ರಶ್ನೆ: ಮೇಡಂ, ನನಗ 20 ವರ್ಷ, ರಾಯಚೂರಾಗ ರೂಮ್ ಮಾಡಿ ಡಿಗ್ರಿ ಓದಾಕತ್ತೀನಿ, ವೋಟು ನಮ್ಮ ಹಳ್ಳಿಯಾಗ ಐತಿ. ಇಲ್ಲಿ ಪಾಲಿಕೆ ಎಲೆಕ್ಷನ್‌ಗೆ ನಿಂದ್ರಬಹುದಾ?
- ಡಿಗ್ರಿ ವಿದ್ಯಾರ್ಥಿ, ರಾಯಚೂರು

ಉತ್ತರ: ಈಗ ಆಗಂಗಿಲ್ಲಪ್ಪ, ನಾಮಿನೇಷನ್‌ಗೆ 21 ತುಂಬಿರಬೇಕು, ಹಳ್ಳಿ ವೋಟ್ ಇಟ್ಕೊಂಡು ಸಿಟಿಯಾಗ ನಿಂದ್ರಾಕ ಬರಂಗಿಲ್ಲ. ಖರೇನ ಇಲ್ಲೇ ಇರೋನಿದ್ರ ಫಾರ್ಮ್ 8 ತುಂಬಿ ವೋಟು ಇಲ್ಲಿಗೆ ತಂದ್ಕೋ, ಎರಡೂ ಕಡಿ ಹೆಸರು ಇಟ್ಕೊಳ್ಳೋದು ಅಪರಾಧ. ಪಾಲಿಕೆ ವೋಟರ್ ಲಿಸ್ಟನ್ನ ವಿಧಾನಸಭೆ ಲಿಸ್ಟ್ ಮ್ಯಾಲೆ ಮಾಡ್ತಾರ, ಹಂಗಾಗಿ ಮೊದ್ಲ ಅದರಾಗ ಹೆಸರು ಸರಿ ಇರ್ಲಿ, ಕರಡು ಪಟ್ಟಿ ಹಚ್ಚಿದಾಗ ಹೋಗಿ ನೋಡು, ನಿಮ್ಮ ರೂಮ್ ಇರೋ ಓಣಿಯಾಗ ಯಾರ್ಯಾರ ಹೆಸರು ಬಿಟ್ಟಾವ ಅನ್ನೋದನ್ನೂ ನೋಡಿ ಅವ್ರಿಗೆ ಹೇಳು.